ಹಂಡೆಯ ಹಳೇ ನೀರು

ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ಬಂದ ನೀರು ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿತ್ತು. ಹೊಳೆಗೆ ಹೊಸ ಕೆಂಪು ನೀರು ಬಂದಾಗಲೆಲ್ಲ ಹಾಗೆಯೇ, ನೀರು ಬಿಡುವವರ ಕೈ ಸ್ವಲ್ಪ ಧಾರಾಳವಾಗುತ್ತದೆ. ಕೊಡ ತುಂಬಿದ ಮೇಲೆ ನನ್ನ ಕೈ ತಾನಾಗಿಯೇ ಅದನ್ನು ಹಿತ್ತಿಲ ಕಟ್ಟೆಯ ಮೇಲೆ ಮುಚ್ಚಳವಿಲ್ಲದೆ ಇಟ್ಟಿತು. ಎರಡು ಹೆಜ್ಜೆ ಬಂದವಳು ತಿರುಗಿ ಹೋಗಿ ಅಷ್ಟನ್ನೂ ದಾಸವಾಳದ ಬುಡಕ್ಕೆ ಚೆಲ್ಲಿದೆ. ಅಡುಗೆಮನೆಯ ಕಿಟಕಿಯಿಂದ ನಿಮ್ಮ ಅಮ್ಮ, "ಯಾಕಮ್ಮ, ಕುಡಿಯೋ ನೀರು ಚೆಲ್ತಿದ್ದೀಯ?" ಅಂದಳು. ಕಸ ಬಿದ್ದಿತ್ತು ಅಂದೆ. ಈ ಮನೆಗೆ ಬಂದ ಮೇಲೆ ನಾನು ಹೇಳಿದ ಸುಳ್ಳುಗಳು ನಾಲ್ಕೋ ಐದೋ ಇರಬಹುದು. ಎಲ್ಲವೂ ನೀರಿನ ವಿಷಯದಲ್ಲೇ.

ಸಿರಿ, ಕಿಟ್ಟಿ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಕಿಟ್ಟಿಗೆ ಆಗ ಮೂರು ವರ್ಷ, ನೆನಪಿರಲಾರದು. ಸಿರಿಗೆ ಹತ್ತು. ಅವಳಿಗೆ ಎಲ್ಲ ನೆನಪಿದೆ, ಆದರೆ ಅವಳಿಗೆ ಗೊತ್ತಿರುವುದು ಅರ್ಧ. ಉಳಿದರ್ಧ ನನ್ನ ಹತ್ತಿರ ಇದೆ. ಎದುರಿಗೆ ಕೂತು ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ನನ್ನ ಬಾಯಿಯ ವಿಷಯ ನಿಮಗೆ ಗೊತ್ತೇ ಇದೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಲಾಗದೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ ಅಂದುಕೊಳ್ಳಿ.

ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮರುವರ್ಷ, ಶಿವರಾತ್ರಿ ಕಳೆದ ವಾರದಲ್ಲಿ ನಿಮ್ಮ ತಾತ ಹೋದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಾವು ಮೂವತ್ತು ವರ್ಷದ ಮೇಲೆ ಇದ್ದೆವು. ರೇಷನ್ ಅಂಗಡಿ, ಬ್ಯಾಂಕು, ಆಸ್ಪತ್ರೆ, ಎಲ್ಲ ಕಡೆ ನನ್ನ ಮಾತನ್ನೂ ಅವರೇ ಆಡುತ್ತಿದ್ದರು. ಡಾಕ್ಟರು ನನಗೆ ಎಲ್ಲಿ ನೋವು ಎಂದು ಕೇಳಿದರೆ ನಾನು ಅವರ ಮುಖ ನೋಡುತ್ತಿದ್ದೆ. ಅವರು, "ಎಡಗಡೆ ಸಾರ್, ಊಟ ಆದ್ಮೇಲೆ ಜಾಸ್ತಿ" ಎನ್ನುತ್ತಿದ್ದರು. ಸರಿಯಾಗಿಯೇ ಹೇಳುತ್ತಿದ್ದರು.

ಆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡುತ್ತಿದ್ದ ಮಾತು ಒಂದೇ. ಅನ್ನ ಬಸಿದ ಗಂಜಿಯನ್ನು ಹಿತ್ತಿಲ ಚರಂಡಿಗೆ ಚೆಲ್ಲುವ ಮೊದಲು, "ಬಿಸಿ ಬಿಸಿ, ಸರ್ಕೊಳ್ರವ್ವಾ" ಎಂದು ಕೂಗುವುದು. ನಮ್ಮಮ್ಮ ಹಾಗೆ ಕೂಗುತ್ತಿದ್ದಳು, ಅವಳಮ್ಮನೂ ಕೂಗುತ್ತಿದ್ದಳಂತೆ. ಬಚ್ಚಲ ಚರಂಡಿಯ ಚಪ್ಪಡಿಯಡಿ ಒರಟು ಮೈಯ ನೆಲಗಪ್ಪೆಗಳು ಸಂಸಾರ ಹೂಡಿರುತ್ತವೆ. ಕೂಗಿ, ಮೂರು ಉಸಿರು ನಿಂತು, ಆಮೇಲೆ ಚೆಲ್ಲಬೇಕು. ಕಪ್ಪೆಗೆ ಕೇಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮೂರು ಉಸಿರಿನಲ್ಲಿ ಗಂಜಿ ಒಂದಿಷ್ಟು ಆರುತ್ತಿತ್ತು, ಅಷ್ಟಂತೂ ನಿಜ. ಗೋಡೆಯಾಚೆಯ ಸೆಲ್ವಿ, ತಮಿಳರವಳು, ಮೊದಮೊದಲು ನಾನು ಅವಳನ್ನೇ ಕರೆಯುತ್ತೇನೆಂದುಕೊಂಡು "ಏನಕ್ಕಾ?" ಎಂದು ಓಡಿಬರುತ್ತಿದ್ದಳು. ವಿಷಯ ತಿಳಿದ ಮೇಲೆ, "ಮನುಷ್ಯರ ಹತ್ರ ಮಾತಾಡಲ್ಲ, ಕಪ್ಪೆ ಹತ್ರ ಮಾತ್ರ ಮಾತು. ಒಳ್ಳೆ ಅಕ್ಕ ನೀನು" ಎಂದು ಬೀದಿಗೆಲ್ಲ ಹೇಳಿ ನಗಿಸಿದ್ದಳು.

ಯುಗಾದಿ ಕಳೆದು ನಿಮ್ಮಪ್ಪ ಮಾಚೇನಹಳ್ಳಿಯ ವರ್ಕ್‌ಶಾಪಿನಿಂದ ಒಂದು ಗೂಡ್ಸ್ ಗಾಡಿ ತಂದು, ನನ್ನ ಟ್ರಂಕು, ತಾಮ್ರದ ಹಂಡೆ, ತಾತನ ಕುರ್ಚಿ, ಇಷ್ಟನ್ನು ಏರಿಸಿ ನನ್ನನ್ನು ಶಿವಮೊಗ್ಗಕ್ಕೆ ಕರೆತಂದರು. ಸೋಗಾನೆ ರಸ್ತೆಯ ಕಡೆ ಹೊಸ ಬಡಾವಣೆ. ಮೊನ್ನೆ ಮೊನ್ನೆಯವರೆಗೆ ಗದ್ದೆಯಾಗಿದ್ದ ಜಾಗ, ಒಂದು ಬದಿಗೆ ಇನ್ನೂ ಬದು ಕಾಣುತ್ತಿತ್ತು. ಹದಿನೈದೋ ಇಪ್ಪತ್ತೋ ಮನೆ ಎದ್ದಿದ್ದವು. ನಮ್ಮ ಪಕ್ಕದ ಸೈಟು ಖಾಲಿ. ಯಾರೋ ಪಾಯ ತುಂಬಿಸಲು ಅಲ್ಲಿಂದ ಮಣ್ಣೆತ್ತಿದ್ದರಿಂದ ಮೊಣಕಾಲಾಳದ ಗುಂಡಿಯಾಗಿತ್ತು.

ಮೃಗಶಿರ ಮಳೆ ಎರಡು ದಿನ ಹೊಡೆಯಿತು. ಮೂರನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಂಡಿಯಿಂದ ಶುರುವಾಯಿತು ನೋಡಿ ಸದ್ದು. ಗದ್ದೆ ಹೋಗಿ ಬಡಾವಣೆಯಾದದ್ದು ಕಪ್ಪೆಗಳಿಗೆ ಯಾರೂ ತಿಳಿಸಿರಲಿಲ್ಲ. ಎಲ್ಲೆಲ್ಲಿಂದಲೋ ಬಂದಿದ್ದವು. ಅರಿಸಿನ ಮೆತ್ತಿಕೊಂಡ ಮದುಮಗನ ಹಾಗೆ ಹಳದಿಯಾದ ದೊಡ್ಡ ಗೂಳಿಕಪ್ಪೆಗಳು, ನಮ್ಮ ಚರಂಡಿಯ ಬಂಧುಗಳಾದ ನೆಲಗಪ್ಪೆಗಳು. ಬಡಾವಣೆಯವರು ಟಿವಿಯ ಸದ್ದು ಹೆಚ್ಚಿಸಿದರು. ನಾನು ಮಾತ್ರ ತಾತನ ಕುರ್ಚಿಯಲ್ಲಿ ಕೂತು ಕೇಳಿದೆ. ಮೂರೂವರೆ ತಿಂಗಳಲ್ಲಿ ಮೊದಲ ಸಲ ಗುರುತಿನವರ ದನಿ ಕೇಳಿದ ಹಾಗಾಗಿತ್ತು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ, ನೀರಿನ ಅಂಚಿನಲ್ಲಿ ಹುಲ್ಲಿಗೆ ಸುತ್ತಿಕೊಂಡು ಕರಿಮಣಿ ಸರಗಳು ಬಿದ್ದಿದ್ದವು. ಒಂದಲ್ಲ, ಹತ್ತಾರು. ಲೋಳೆಯ ದಾರದಲ್ಲಿ ಪೋಣಿಸಿದ ಕಪ್ಪು ಮಣಿಗಳು. ನೆಲಗಪ್ಪೆಯ ಮೊಟ್ಟೆ ಹಾಗಿರುತ್ತದೆಂದು ಚಿಕ್ಕಂದಿನಿಂದ ನೋಡಿದವಳೇ. ಆದರೂ ಆ ವರ್ಷ ಕೈ ಸುಮ್ಮನೆ ಕುತ್ತಿಗೆಗೆ ಹೋಯಿತು. ಸಿರಿ ಹಿಂದೆಯೇ ಬಂದು ನಿಂತಿದ್ದಳು. ಇದೇನು ಅಂದಳು. ಹೇಳಿದೆ. ಅವಳ ಸೈನ್ಸ್ ಮಿಸ್ಸು ಹಿಂದಿನ ವಾರವಷ್ಟೇ ಕಪ್ಪೆಯ ಪಾಠ ಮಾಡಿದ್ದರಂತೆ. ಅಂದಿನಿಂದ ಅವಳ ಪ್ರಾಣ ಆ ಗುಂಡಿಯಲ್ಲಿತ್ತು. ನನ್ನದೂ ಅಲ್ಲೇ ಇತ್ತೆಂದು ಯಾರಿಗೂ ಹೇಳಲಿಲ್ಲ.

ಮಕ್ಕಳು ಗುಂಡಿಯ ಹತ್ತಿರ ಹೋಗಬಾರದೆಂದು ನಿಮ್ಮ ಅಮ್ಮ ಕಟ್ಟಪ್ಪಣೆ ಮಾಡಿದಳು. ಹಾಗಾಗಿ ಮೊಟ್ಟೆಯೊಡೆದು ಗೊದಮೊಟ್ಟೆಗಳಾದ ಮೇಲೆ ನಾನೇ ಒಂದು ಚೊಂಬಿನಲ್ಲಿ ಒಂದಿಷ್ಟು ಹಿಡಿದು ತಂದೆ. ಹಿತ್ತಿಲಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಸಿರಿಯ ಸಾಕುಪ್ರಾಣಿಗಳು. ಚೊಂಬಿನ ನೀರು ರಾಡಿಯೆನಿಸಿ ನಾನು ಅದನ್ನು ಬಸಿದು, ಚೊಕ್ಕಟವಾದ ನಲ್ಲಿ ನೀರು ತುಂಬಿಸಿದೆ. ಸಂಜೆಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಿರಿ ಅತ್ತು ಅತ್ತು, ಮರುದಿನ ಮಿಸ್ಸನ್ನು ಕೇಳಿ ಬಂದಳು. "ಅಜ್ಜಿ, ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತಂತೆ. ಅಗಲವಾದ ಪಾತ್ರೆಗೆ ಹಿಡಿದು ಮುಚ್ಚದೆ ಒಂದಿನ ಇಡ್ಬೇಕಂತೆ. ವಾಸನೆ ಹೋದ್ಮೇಲೆ ಹಾಕ್ಬೇಕಂತೆ."

ಎರಡನೆಯ ಸಲ ತಂದವು ಬದುಕಿದವು. ಬೇಯಿಸಿದ ಹರಿವೆ ಸೊಪ್ಪಿನ ಚೂರು ಹಾಕಿದರೆ ಸುತ್ತ ಮುತ್ತಿಕೊಂಡು ತಿನ್ನುತ್ತಿದ್ದವು. ದಿನ ಬಿಟ್ಟು ದಿನ ಅರ್ಧ ನೀರು ಬದಲಿಸುತ್ತಿದ್ದೆ. ಟಬ್ಬಿನ ಒಂದು ಬದಿಗೆ ಹಂಚಿನ ಚೂರನ್ನು ಓರೆಯಾಗಿ ಇಡಬೇಕೆಂದು ಸಿರಿ ಹೇಳಿದಳು. ಕಾಲು ಮೂಡಿ ಬಾಲ ಕರಗುವ ಹೊತ್ತಿಗೆ ಅವುಗಳ ಉಸಿರಾಟವೇ ಬದಲಾಗುತ್ತದಂತೆ, ಹತ್ತಿ ಕೂರಲು ನೆಲ ಸಿಗದಿದ್ದರೆ ನೀರಲ್ಲಿ ಹುಟ್ಟಿದವೇ ನೀರಲ್ಲಿ ಮುಳುಗಿ ಸಾಯುತ್ತವಂತೆ. ನನಗೆ ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು. ದಿನಾ ಸ್ಕೂಲಿಂದ ಬಂದವಳೇ ಬ್ಯಾಗು ಎಸೆದು ಟಬ್ಬಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಲೆಕ್ಕ ಒಪ್ಪಿಸುತ್ತಿದ್ದಳು. "ಹಿಂಗಾಲು ಬಂತು ಅಜ್ಜಿ. ಇನ್ನು ಮುಂಗಾಲು ಬಂದ್ರೆ ಮುಗೀತು, ಹತ್ತೇ ದಿನ." ಟಬ್ಬಿನಲ್ಲಿದ್ದವು ಮೂವತ್ತು ನಲವತ್ತು ಇರಬಹುದು. ಗುಂಡಿಯಲ್ಲಿ ಸಾವಿರಗಟ್ಟಲೆ, ನೀರೇ ಕಪ್ಪಾಗಿ ಕದಲುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಒಂದು ದಿನ ಇಟ್ಟ ನೀರು ಒಳ್ಳೆಯದೆಂದು ಮಿಸ್ಸು ಹೇಳಿದ್ದರು. ನಾನು ಉಪ್ಪಿನಕಾಯಿ, ಹುಣಸೆಹಣ್ಣು, ಅಕ್ಕಿ, ಎಲ್ಲ ಹಳತಾದಷ್ಟೂ ಒಳ್ಳೆಯದೆಂದು ತಿಳಿದು ಬಾಳಿದವಳು. ಒಂದು ದಿನದ ನೀರೇ ಇಷ್ಟು ಒಳ್ಳೆಯದಾದರೆ ಎಂಟು ದಿನದ್ದು ಇನ್ನೆಷ್ಟು ಒಳ್ಳೆಯದಿರಬೇಕು! ಭದ್ರಾವತಿಯಿಂದ ತಂದ ತಾಮ್ರದ ಹಂಡೆಯನ್ನು ಹಿತ್ತಿಲ ಸೂರಿನಡಿ ಇಟ್ಟು, ತುಂಬ ನೀರು ಹಿಡಿದು, ವಾಸನೆ ಪೂರಾ ಹೋಗಲೆಂದು ಮುಚ್ಚದೆ ಬಿಟ್ಟೆ. ಮೇಲಿಂದ ಒಂದೊಂದು ತಂಬಿಗೆ ತೆಗೆಯುವುದು, ಮತ್ತೆ ತುಂಬಿಸುವುದು. ತಳದ ನೀರು ಯಾವ ವಾರದ್ದೋ. ನನ್ನ ಕಣ್ಣೂ ಆಗ ಮಂಜು, ಪೊರೆ ತೆಗೆಸಿರಲಿಲ್ಲ.

ಪುನರ್ವಸು ಮಳೆ ಹಿಡಿದ ವಾರ ಮೂಲೆಮನೆಯ ರೇಖಾಳ ಮಗ ದರ್ಶನನಿಗೆ ಜ್ವರ ಬಂತು. ಎಂಟು ವರ್ಷದ ಹುಡುಗ. ಎರಡು ದಿನ ಮನೆಯಲ್ಲಿ ಮಾತ್ರೆ ಕೊಟ್ಟರು, ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದರು. ಡೆಂಗಿ ಅಂದರು. ಮಾರನೆಯ ದಿನವೇ ಬಡಾವಣೆಗೆ ಆರೋಗ್ಯ ಕಾರ್ಯಕರ್ತೆ ಶೈಲ ಬಂದಳು. ತೆಳ್ಳಗಿನ ಹೆಂಗಸು, ಕೊಡೆ ಒಂದು ಕೈಲಿ, ಬಿಳೀ ಸೌಟು ಇನ್ನೊಂದು ಕೈಲಿ, ಕುತ್ತಿಗೆಗೆ ಟಾರ್ಚು. ಮನೆಮನೆಗೆ ಹೋಗಿ ನಿಂತ ನೀರನ್ನೆಲ್ಲ ಸೌಟಿನಲ್ಲಿ ಎತ್ತಿ ನೋಡುತ್ತಿದ್ದಳು. ಮನೆಯಲ್ಲಿ ನಾನೂ ಕಿಟ್ಟಿಯೂ ಇಬ್ಬರೇ. ಮೊದಲು ಅವಳು ಪಕ್ಕದ ಗುಂಡಿಗೆ ಇಳಿದಳು. ನಾನು ಗೋಡೆಯ ಮೇಲಿಂದ ನೋಡುತ್ತಿದ್ದೆ. ಐದಾರು ಕಡೆ ಎತ್ತಿ ನೋಡಿ, "ಗೊದಮೊಟ್ಟೆ ಬಿಟ್ರೆ ಏನೂ ಇಲ್ಲ ಅಜ್ಜಿ. ಒಂದು ಹುಳಾನೂ ಇಲ್ಲ. ಆ ಸೊಳ್ಳೆ ಇಂಥ ರಾಡೀಲಿ ಮೊಟ್ಟೆ ಇಡಲ್ಲ, ಅದಕ್ಕೆ ನಿಮ್ಮಂಗೆ ಮಡಿ ಜಾಸ್ತಿ" ಎಂದು ನಕ್ಕಳು. ನಾನೂ ನಕ್ಕೆ.

ಆಮೇಲೆ ನಮ್ಮ ಹಿತ್ತಿಲಿಗೆ ಬಂದಳು. ಟಬ್ಬು ನೋಡಿದಳು, ಏನೂ ಸಿಗಲಿಲ್ಲ. ಹಂಡೆಯೊಳಗೆ ಟಾರ್ಚು ಬಿಟ್ಟವಳು ಹಾಗೇ ನಿಂತಳು. ಒಂದು ಸೌಟು ಎತ್ತಿ ನನ್ನ ಕಣ್ಣ ಹತ್ತಿರ ಹಿಡಿದಳು. ಕೂದಲೆಳೆಯಂಥ ಹುಳಗಳು, ಕೊಂಕಿ ಕೊಂಕಿ ಮೇಲಕ್ಕೆ ಬಂದು ಕೆಳಕ್ಕೆ ಹೋಗುತ್ತಿದ್ದವು. ಎಷ್ಟೆಂದು ಹೇಳಲಿ, ಸೌಟಿನ ತುಂಬ.

ಯಾಕೆ ಇಟ್ಟಿದ್ದೀರಿ ಎಂದು ಕೇಳಿದಳು. ಕಪ್ಪೆ ಮರಿಗಳಿಗೆ ಎಂದು ಹೇಳಲು ನಾಚಿಕೆಯಾಯಿತು. ಅವಳು ನನ್ನ ಬರಿಗೊರಳನ್ನು ನೋಡಿದಳು, ತೆರೆದ ಬಾಗಿಲಿನಿಂದ ಕಾಣುವ ಗೋಡೆಯ ಮೇಲೆ ತಾತನ ಫೋಟೋಗೆ ಹಾಕಿದ್ದ ಹಾರ ನೋಡಿದಳು. ದನಿ ಇಳಿಸಿ ಹೇಳಿದಳು: "ಅಜ್ಜಿ, ಇದನ್ನ ಬರೆದ್ರೆ ನಿಮ್ಮನೆಗೆ ನೋಟಿಸ್ ಬರುತ್ತೆ, ಬಡಾವಣೆಯೋರೆಲ್ಲ ನಿಮ್ಮನ್ನೇ ಅಂತಾರೆ. ಬೇಡ. ಈಗ್ಲೇ ಚೆಲ್ಲಿ, ತಿಕ್ಕಿ, ಕವುಚಿ ಹಾಕಿ. ನಾನು ಬರೆಯಲ್ಲ, ನೀವೂ ಆಡ್ಬೇಡಿ." ಅವಳೇ ಹಂಡೆಯನ್ನು ಅಂಗಳದ ಕಾಂಕ್ರೀಟಿನ ಮೇಲೆ ಚೆಲ್ಲಲು ಕೈ ಕೊಟ್ಟಳು. ಆ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ. ಅವಳು ತೋರಿಸಿದ್ದು ಕರುಣೆಯೇ. ಆದರೆ ಆ ಕರುಣೆಯ ಸಾಲವನ್ನು ತೀರಿಸಿದವರು ಬೇರೆಯವರು.

ಸಂಜೆ ಸಿರಿಗೆ ಅರ್ಧ ಹೇಳಿದೆ. ಗುಂಡಿಯಲ್ಲಿ ಒಂದು ಹುಳವೂ ಇಲ್ಲವಂತೆ ಅಂದೆ. ಅವಳು ಅದನ್ನು ತನ್ನ ಕಪ್ಪೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹಂಡೆ ಯಾಕೆ ಕವುಚಿದೆ ಎಂದು ಕೇಳಿದಳು. ಕಿಲುಬು ಹಿಡಿದಿತ್ತು, ಹುಣಸೆಹುಳಿ ಹಾಕಿ ತಿಕ್ಕಿದೆ ಅಂದೆ.

ಭಾನುವಾರ ಬೆಳಿಗ್ಗೆ ನಾಗರಾಜಪ್ಪನವರ ಮನೆಯ ಮುಂದೆ ಸಭೆ ಸೇರಿತು. ಅವರು ರಿಟೈರಾದ ಮೇಲೆ ಬಡಾವಣೆಯ ನಲ್ಲಿ, ದೀಪ, ಗಣಪತಿ, ಎಲ್ಲದರ ಉಸ್ತುವಾರಿ ಹೊತ್ತವರು, ಒಳ್ಳೆಯವರೇ. ನಿಮ್ಮ ಅಪ್ಪ ಅಮ್ಮ ಕಿಟ್ಟಿಯನ್ನು ಕರೆದುಕೊಂಡು ಮದುವೆಯೊಂದಕ್ಕೆ ಹೋಗಿದ್ದರು. ನಮ್ಮ ಮನೆಯಿಂದ ನಾನೂ ಸಿರಿಯೂ ಹೋಗಿ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಎದುರಿಗೆ ರೇಖಾ. ನಾಲ್ಕು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಂದ ಮುಖ. ಮಗನ ರಕ್ತದಲ್ಲಿ ಏನೋ ಇಳಿಯುತ್ತಲೇ ಇದೆ, ಇನ್ನೆರಡು ದಿನ ಏನೂ ಹೇಳಲಾಗುವುದಿಲ್ಲ ಎಂದಿದ್ದಾರಂತೆ. ಬಟ್ಟೆ ಒಯ್ಯಲು ಮನೆಗೆ ಬಂದವಳು ಹಾಗೇ ಇಲ್ಲಿ ಕೂತಿದ್ದಳು.

ನಾಗರಾಜಪ್ಪ ನೇರವಾಗಿ ವಿಷಯಕ್ಕೆ ಬಂದರು. ಎಲ್ಲ ಮನೆಯನ್ನೂ ಪರೀಕ್ಷೆ ಮಾಡಿದ್ದಾರೆ, ಒಬ್ಬರ ಮನೆಯಲ್ಲೂ ಹುಳ ಸಿಕ್ಕಿಲ್ಲ. ಉಳಿದದ್ದು ಆ ಗುಂಡಿಯೊಂದೇ. ಸೈಟಿನವರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ, ಒಪ್ಪಿದ್ದಾರೆ. ನಾಳೆ ಮಣ್ಣು ಹೊಡೆಸುವುದು.

ಸಿರಿ ಎದ್ದು ನಿಂತಳು. ನಾನು ಅವಳ ಲಂಗ ಹಿಡಿದು ಎಳೆದೆ, ಅವಳು ಕೂರಲಿಲ್ಲ. ಅಂಕಲ್, ಹತ್ತು ದಿನ ಬಿಟ್ಟು ಹಾಕ್ಸಿ, ಅಷ್ಟರಲ್ಲಿ ಮರಿಗಳು ಕಪ್ಪೆಯಾಗಿ ತಾವೇ ಹೋಗುತ್ತವೆ ಅಂದಳು. ಯಾರೋ ನಕ್ಕರು. ನಾಗರಾಜಪ್ಪ ನಗುತ್ತಲೇ, "ಕಪ್ಪೆಗೆ ಬಾಣಂತನ ಮಾಡ್ಸೋಕೆ ಬಡಾವಣೆ ಕಟ್ಟಿದೀವೇನಮ್ಮ ನಾವು?" ಅಂದರು.

"ಆ ಗುಂಡೀಲಿ ಹುಳ ಇಲ್ಲ ಅಂಕಲ್. ಆ ಹೆಲ್ತ್ ಆಂಟೀನೇ ಸೌಟಲ್ಲಿ ಎತ್ತಿ ನೋಡಿ ಹೇಳಿದಾರೆ. ನಮ್ಮಜ್ಜಿ ಎದುರಿಗೇ ಹೇಳಿದ್ದು."

ಎಲ್ಲರೂ ನನ್ನ ಕಡೆ ತಿರುಗಿದರು. ಹೌದೇನಮ್ಮ ಎಂದು ನಾಗರಾಜಪ್ಪ ಕೇಳಿದರು. ಗೌರವದಿಂದಲೇ ಕೇಳಿದರು. ಎದುರಿಗೆ ರೇಖಾಳ ಕಣ್ಣು. ಹೌದು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ, ಹಾಗಾದರೆ ಸೊಳ್ಳೆ ಎಲ್ಲಿಂದ ಬಂತು ಎಂದು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ನನ್ನ ಹಂಡೆಯಿಂದ ಹಾರಿದ್ದೇ ಆ ಹುಡುಗನನ್ನು ಕಚ್ಚಿತೋ ಏನೋ, ಅದನ್ನು ಯಾರು ಹೇಳಬಲ್ಲರು? ಪಕ್ಕಕ್ಕೆ ನೋಡಿದೆ. ನನ್ನ ಪರವಾಗಿ ಮಾತಾಡುವವರು ಅಲ್ಲಿ ಇರಲಿಲ್ಲ.

"ನಂಗೆ ಸರಿಯಾಗಿ ಕೇಳಿಸ್ಲಿಲ್ಲ" ಅಂದೆ.

ಸಿರಿ ನನ್ನನ್ನೇ ನೋಡಿದಳು. "ಅಜ್ಜಿ, ನೀನೇ ಹೇಳಿದ್ಯಲ್ಲ" ಅಂದಳು. ಹಿಂದಿನಿಂದ ಒಬ್ಬರು, ಈಗಿನ ಮಕ್ಕಳು ಕಪ್ಪೆಗೋಸ್ಕರ ಸುಳ್ಳನ್ನೂ ಕಟ್ಟುತ್ತಾರೆ ಮಾರಾಯ ಅಂದರು. ಆಮೇಲೆ ಬಹಳ ದಿನ ಬಡಾವಣೆಯ ಹುಡುಗರು ಅವಳನ್ನು ಸುಳ್ಳುಗಪ್ಪೆ ಎಂದೇ ಕರೆದರು.

ಆ ಸಂಜೆ ಅವಳು ನನ್ನೊಡನೆ ಮಾತಾಡಲಿಲ್ಲ. ಹಿಟ್ಟಿನ ಜರಡಿ, ಎರಡು ಬಕೆಟ್ಟು ಹಿಡಿದು ಗುಂಡಿಗೆ ನಡೆದಳು. ನಾನೂ ಹಿಂದೆ ಹೋದೆ. ನಿಮ್ಮಮ್ಮ ಮದುವೆಮನೆಯಿಂದ ಬರುವಷ್ಟರಲ್ಲಿ ಟಬ್ಬು ತುಂಬಿತು, ಬಕೆಟ್ಟುಗಳೂ ತುಂಬಿದವು. ತಿರುಗಿ ನೋಡಿದರೆ ಗುಂಡಿಯ ನೀರು ಅಷ್ಟೇ ಕಪ್ಪಾಗಿತ್ತು. ನಾವು ತೆಗೆದದ್ದು ಎಲ್ಲಿಂದ ಎಂದೇ ತಿಳಿಯುತ್ತಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಟ್ರ್ಯಾಕ್ಟರು ಬಂತು. ಸಿರಿ ಸ್ಕೂಲಿಗೆ ಹೋಗಿದ್ದಳು. ಕಾಂಪೌಂಡಿನ ಹತ್ತಿರ ನಿಂತ ನನ್ನನ್ನು ಕಂಡು ಡ್ರೈವರು ಇಂಜಿನ್ ಆರಿಸಿದ. "ಏನಜ್ಜಿ, ಗಾಡಿ ಆಚೆ ಹಾಕ್ಬೇಕಾ? ಏನಾದ್ರೂ ಹೇಳ್ಬೇಕಿತ್ತಾ?" ಎಂದು ಕೇಳಿದ. ಕೇಳಿ ಕಾದ ಕೂಡ, ಪಾಪ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಮತ್ತೆ ಇಂಜಿನ್ ಹಾಕಿದ. ಟ್ರೇಲರು ಮೆಲ್ಲಗೆ ಮೇಲೇಳುವಾಗ, ಬಿಸಿ ಬಿಸಿ, ಸರ್ಕೊಳ್ರವ್ವಾ ಎಂಬುದು ಗಂಟಲಿನವರೆಗೆ ಬಂತು. ಜನ್ಮವಿಡೀ ಕೂಗಿದ ಮಾತು, ಅವತ್ತು ಅಲ್ಲೇ ನಿಂತಿತು. ಎರಡು ಗೂಳಿಕಪ್ಪೆಗಳು ಚಂಗನೆ ಹಾರಿ ರಸ್ತೆಗೆ ಬಂದವು. ಕಾಲಿಲ್ಲದವು ಎಲ್ಲಿಗೆ ಹೋಗುತ್ತವೆ? ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ಗುಂಡಿ ಇತ್ತೆಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ. ಹಸಿ ಮಣ್ಣಿನ ವಾಸನೆ, ಒಳ್ಳೆಯ ವಾಸನೆಯೇ, ಮನೆಯೊಳಗೆಲ್ಲ ತುಂಬಿತ್ತು.

ಟಬ್ಬಿನಲ್ಲಿ ಸಾವಿರ ಜೀವ ಬದುಕುವುದಿಲ್ಲ. ಮಂಗಳವಾರವೇ ತೇಲತೊಡಗಿದವು. ಬುಧವಾರ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದೆ. ಮುಚ್ಚಳವಿರುವ ಎರಡು ಬಕೆಟ್ಟಿಗೆ ಅವನ್ನು ತುಂಬಿಕೊಂಡು, ಕಿಟ್ಟಿಯನ್ನು ನಿಮ್ಮಮ್ಮನಿಗೆ ಒಪ್ಪಿಸಿ, ಸೆಲ್ವಿಗೆ ಹುಷಾರಿಲ್ಲವಂತೆ ಎಂದು ಹೇಳಿ ಭದ್ರಾವತಿ ಬಸ್ಸು ಹತ್ತಿದೆ. ಕ್ವಾರ್ಟರ್ಸಿನ ಹಿಂದೆ ಸೋರುವ ನೀರಿನ ಟ್ಯಾಂಕು, ಅದರಡಿ ವರ್ಷವಿಡೀ ನೀರು ನಿಲ್ಲುವ ಹೊಂಡ ಇತ್ತು. ಅಲ್ಲಿಗೆ ಬಿಡೋಣವೆಂದು.

ಕಂಡಕ್ಟರು ಬಕೆಟ್ಟು ನೋಡಿ, "ಏನಜ್ಜಿ, ಮೀನಾ?" ಎಂದು ಕೇಳಿದ. ಹೌದೆಂದು ತಲೆಯಾಡಿಸಿ, ಮುಚ್ಚಳವನ್ನು ಇನ್ನೂ ಬಿಗಿಯಾಗಿ ಒತ್ತಿದೆ. ಗೊದಮೊಟ್ಟೆ ಎಂದು ತಿಳಿದರೆ ಬಸ್ಸೆಲ್ಲ ನಗುತ್ತದೆ. ಪಕ್ಕದವಳ ಸೀರೆಗೆ ನೀರು ತುಳುಕಿದರೆ ಏನನ್ನುತ್ತಾಳೋ. ಮಾಚೇನಹಳ್ಳಿಯ ಹತ್ತಿರ ಲಾರಿಯೊಂದು ಅಡ್ಡ ನಿಂತು ಬಸ್ಸು ಬಹಳ ಹೊತ್ತು ಕದಲಲಿಲ್ಲ. ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಮುಚ್ಚಳ ಒಂದಿಷ್ಟು ತೆರೆಯೋಣವೇ ಎಂದು ಎರಡು ಸಲ ಕೈಯಿಟ್ಟೆ. ಪಕ್ಕದವಳು ನೋಡುತ್ತಿದ್ದಳು, ಕೈ ಹಿಂದಕ್ಕೆ ತೆಗೆದುಕೊಂಡೆ.

ಸೆಲ್ವಿ ಬಾಗಿಲಲ್ಲಿ ನನ್ನನ್ನು ಕಂಡು ಕುಣಿದಾಡಿದಳು. "ಅಯ್ಯೋ ಅಕ್ಕಾ, ಅಷ್ಟು ದೂರದಿಂದ ನಂಗೆ ಮೀನು ತಂದ್ಯಾ? ಇರು, ಮಸಾಲೆ ರುಬ್ತೀನಿ" ಅಂದಳು. ಮುಚ್ಚಳ ತೆಗೆದೆ. ಒಂದು ಬಕೆಟ್ಟಿನಲ್ಲಿ ಎಲ್ಲವೂ, ಇನ್ನೊಂದರಲ್ಲಿ ಅರ್ಧ, ಬಿಳೀ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲವಕ್ಕೆ ಆ ಬೆಳಿಗ್ಗೆಯಷ್ಟೇ ಮುಂಗಾಲು ಒಡೆದಿತ್ತು, ಎಳ್ಳಿನ ಕಾಳಿನಷ್ಟು ಪಾದ. ಸೆಲ್ವಿ ಏನನ್ನೂ ಕೇಳದೆ ಗುದ್ದಲಿ ತಂದು ನುಗ್ಗೆಮರದ ಬುಡದಲ್ಲಿ ಸಣ್ಣ ಗುಣಿ ತೋಡಿದಳು. ಉಳಿದವನ್ನು ಟ್ಯಾಂಕಿನಡಿಯ ಹೊಂಡಕ್ಕೆ ಬಿಟ್ಟೆವು. ಅವು ಅಲ್ಲಲ್ಲೇ ತಿರುಗುತ್ತ ಸ್ವಲ್ಪ ಹೊತ್ತು ನಮ್ಮ ಕಾಲ ಬಳಿಯೇ ಇದ್ದವು. ನನ್ನ ಹಳೆಯ ಮನೆಗೆ ಬೀಗ ಹಾಕಿತ್ತು. ಹಿತ್ತಿಲ ಚರಂಡಿ ಒಣಗಿತ್ತು.

ದರ್ಶನ ಹನ್ನೆರಡು ದಿನಕ್ಕೆ ಮನೆಗೆ ಬಂದ. ಅವತ್ತು ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದು ಯಾಕೆಂದು ನಿಮ್ಮಮ್ಮ ಕೇಳಿದ್ದಳು. ವರಮಹಾಲಕ್ಷ್ಮಿ ಹಬ್ಬದ ದಿನ ಸೆಲ್ವಿ ಫೋನು ಮಾಡಿ, "ಅಕ್ಕಾ, ನಿನ್ನ ಮಕ್ಳು ನೊಣದ ಥರ ಹಾರ್ತಾ ಇದಾವೆ, ಹಿತ್ತಿಲೆಲ್ಲ" ಅಂದಳು. ನಿಜವಾಗಿ ಕಂಡಳೋ, ನನಗೆ ಸಮಾಧಾನವಾಗಲೆಂದು ಹೇಳಿದಳೋ, ಗೊತ್ತಿಲ್ಲ. ನನಗೆ ಕರುಣೆ ತೋರಿಸುವವರು ಯಾವಾಗಲೂ ಸಿಕ್ಕಿದ್ದಾರೆ. ಈಗ ಸೆಲ್ವಿಯೂ ಆ ಮನೆ ಬಿಟ್ಟು ಮಗಳ ಊರಿಗೆ ಹೋದಳು, ಕೇಳಲು ಯಾರೂ ಇಲ್ಲ.

ಮರುವರ್ಷ ಮೃಗಶಿರ ಮಳೆಗೆ ಕಪ್ಪೆಗಳು ಮತ್ತೆ ಬಂದವು. ಪಕ್ಕದ ಸೈಟಿನಲ್ಲಿ ಆಗ ಪಿಲ್ಲರಿನ ಗುಣಿ ತೋಡಿದ್ದರು. ಒಂದು ಸಂಜೆ ಅದರೊಳಗಿಂದ ಕೂಗಿದವು, ಬೆಳಿಗ್ಗೆ ಕಾಂಕ್ರೀಟು ಬಿತ್ತು. ಈ ವರ್ಷ ಅಲ್ಲಿ ಎರಡಂತಸ್ತಿನ ಮನೆ ನಿಂತಿದೆ, ಅಂಗಳಕ್ಕೆ ಟೈಲ್ಸು ಹಾಕಿದ್ದಾರೆ. ಮೊನ್ನೆ ಮಳೆ ಬಿದ್ದ ಸಂಜೆ ಅವರ ಗೇಟಿನ ಹೊರಗೆ ಮೂರು ನೆಲಗಪ್ಪೆಗಳು ಸಾಲಾಗಿ ಕೂತಿದ್ದವು, ಬಾಗಿಲು ತೆಗೆಯಲೆಂದು ಕಾಯುವವರ ಹಾಗೆ. ಸಿರಿ ಟ್ಯೂಷನ್ನಿನಿಂದ ಬಂದವಳು ಸೈಕಲ್ ಇಳಿದು, ಅವನ್ನು ಬಳಸಿಕೊಂಡು, ಸೈಕಲ್ಲು ತಳ್ಳಿಕೊಂಡು ಒಳಗೆ ಬಂದಳು. ಈಗ ಅವಳು ಕಪ್ಪೆಯ ವಿಷಯವನ್ನು ನನ್ನ ಹತ್ತಿರ ಎತ್ತುವುದಿಲ್ಲ. ಆ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಗಣಿತದ ಲೆಕ್ಕ ಮಾಡಿದ್ದಾಳೆ.

ಸಿರಿ, ಅವತ್ತು ನನಗೆ ಕೇಳಿಸಿತ್ತು. ಸರಿಯಾಗಿಯೇ ಕೇಳಿಸಿತ್ತು. ನೀನು ಆ ಸಭೆಯಲ್ಲಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹುಳ ಇದ್ದದ್ದು ನಮ್ಮ ಹಂಡೆಯಲ್ಲಿ. ನಾನು ಒಂದು ಮಾತು ಆಡಿದ್ದರೆ ಅವರು ಹತ್ತು ದಿನ ಬಿಡುತ್ತಿದ್ದರೋ ಇಲ್ಲವೋ, ಬಿಡುತ್ತಿರಲಿಲ್ಲ ಎಂದೇ ನನಗೂ ಅನ್ನಿಸುತ್ತದೆ. ಆದರೆ ನಿನ್ನನ್ನು ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಈ ಹಾಳೆಗಳನ್ನು ನಿನ್ನ ಸೈನ್ಸ್ ಪುಸ್ತಕದೊಳಗೆ ಇಡುತ್ತೇನೆ. ಓದಿದ ಮೇಲೆ ರೇಖಾಳಿಗೆ ತೋರ್ಸು ಅಂದರೂ ತೋರಿಸುತ್ತೇನೆ, ನಾಗರಾಜಪ್ಪನವರಿಗೆ ಕೊಡು ಅಂದರೂ ಕೊಡುತ್ತೇನೆ. ಬಾಯಲ್ಲಿ ಹೇಳು ಎಂದು ಮಾತ್ರ ಕೇಳಬೇಡ. ಕೇಳಿದರೆ, ನೋಡೋಣ.

ಒಲೆಯ ಮೇಲೆ ಅನ್ನ ಆಗಿದೆ, ಬಸಿಯಬೇಕು. ನಮ್ಮ ಬಚ್ಚಲ ಪೈಪಿನ ಬಾಯಲ್ಲಿ ಒಂದು ನೆಲಗಪ್ಪೆ ಬಂದು ಸೇರಿದೆ, ಎಂಟು ದಿನದಿಂದ ನೋಡುತ್ತಿದ್ದೇನೆ. ಕೂಗಲು ಇವತ್ತೂ ದನಿ ಬರಲಿಲ್ಲವೆಂದರೆ ಗಂಜಿ ಪೂರಾ ಆರುವವರೆಗೆ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿರುತ್ತೇನೆ.